ಮೆಕ್‌ಲಿಂಟಾಕ್: ಅಗ್ಗದ ಡಿವಿಡಿಯಲ್ಲಿ ಕಾಣೆಯಾದ ಊರಿನ ಜನ

ಶಿವಮೊಗ್ಗದ ಅಂಗಡಿಯೊಂದರಲ್ಲಿ 120 ರೂಪಾಯಿಗೆ ಸಿಕ್ಕಿದ ‘ಮೆಕ್‌ಲಿಂಟಾಕ್’ ಚಿತ್ರದ ಡಿವಿಡಿಯನ್ನು ಆಷಾಢದ ಮಳೆಯ ಒಂದು ಸಂಜೆ ಅಮ್ಮನ ಜೊತೆ ಕೂತು ನೋಡಿದೆ. 1963ರಲ್ಲಿ ತೆರೆಕಂಡ, ಜಾನ್ ವೇನ್ ಮತ್ತು ಮೊರೀನ್ ಒಹಾರ ಗಂಡ ಹೆಂಡತಿಯಾಗಿ ನಟಿಸಿದ ಹಾಸ್ಯಚಿತ್ರವಿದು. ಹಟಮಾರಿ ಹೆಣ್ಣನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಕುಂಡೆಗೆ ಬಾರಿಸುವುದು ಆ ಕಾಲದ ಹಾಲಿವುಡ್‌ಗೆ ಪಳಗಿದ ಹಾಸ್ಯ. ಈ ಚಿತ್ರದಲ್ಲಿ ಅದು ಎರಡು ಸಲ ಬರುತ್ತದೆ. ಮೊದಲು ಮಗಳಿಗೆ ಮನೆಯ ಕೆಲಸದ ಹುಡುಗ ಹೊಡೆಯುತ್ತಾನೆ. ಅವನ ಕೈಗೆ ಇದ್ದಿಲೆತ್ತುವ ಸಣ್ಣ ಸಲಿಕೆಯನ್ನು ಕೊಡುವವನು ಸ್ವತಃ ತಂದೆ. ಕೊನೆಯಲ್ಲಿ ಆ ತಂದೆಯೇ ಹೆಂಡತಿಯನ್ನು ಊರಿನ ಬೀದಿಯಲ್ಲೆಲ್ಲ ಅಟ್ಟಿಸಿಕೊಂಡು ಹೋಗಿ, ಅಂಥದೇ ಸಲಿಕೆಯಿಂದ ಬಾರಿಸುತ್ತಾನೆ.

ಈ ಕೊನೆಯ ದೃಶ್ಯ ಬಂದಾಗ ಅಮ್ಮ ನಗಲಿಲ್ಲ. “ಬಿಡಿಸೋಕೆ ಅಲ್ಲಿ ಒಬ್ರೂ ಇಲ್ವೇನೋ?” ಎಂದರು. ಪರದೆಯ ಮೇಲೆ ಹೊಡೆಯುವ ಗಂಡಸು ಮತ್ತು ಹೊಡೆಸಿಕೊಳ್ಳುವ ಹೆಂಗಸನ್ನು ಬಿಟ್ಟರೆ ಕಂಡದ್ದು ಯಾರದೋ ಅರ್ಧ ಭುಜ, ಒಂದು ಟೋಪಿಯ ಅಂಚು, ಅಷ್ಟೆ.

ಕಾರಣ ಡಿವಿಡಿಯಲ್ಲಿತ್ತು. ಅಮೆರಿಕದಲ್ಲಿ ಚಿತ್ರದ ಹಕ್ಕುಸ್ವಾಮ್ಯ ನವೀಕರಣವಾಗದೆ ಅದು ಸಾರ್ವಜನಿಕ ಸ್ವತ್ತಾದ್ದರಿಂದ ಅಲ್ಲಿ ಯಾರು ಬೇಕಾದರೂ ಪ್ರತಿ ಮಾಡಿ ಮಾರಬಹುದು, ಮಾರಿದ್ದಾರೆ. ಪ್ಯಾನಾವಿಷನ್ ಎಂಬ ಅಗಲ ಪರದೆಯ ಪದ್ಧತಿಯಲ್ಲಿ 2.35:1ರ ಅಗಲಕ್ಕೆ, ಅಂದರೆ ಎತ್ತರದ 2.35 ಪಟ್ಟು ಅಗಲಕ್ಕೆ, ತೆಗೆದ ಚೌಕಟ್ಟನ್ನು ಹಳೆಯ ಟಿವಿಯ 4:3ಕ್ಕೆ ಕತ್ತರಿಸಿದರೆ ಚಿತ್ರದ ಶೇಕಡಾ 40ಕ್ಕೂ ಹೆಚ್ಚು ಭಾಗ ಹೋಗುತ್ತದೆ. ನಾನು ಕೊಂಡ ಪ್ರತಿಯಲ್ಲಿ ಹೋದದ್ದು ಊರಿನ ಜನ.

ಆಮೇಲೆ ಪ್ಯಾರಾಮೌಂಟ್ ಸಂಸ್ಥೆ ಹೊರತಂದ ಅಗಲ ಪರದೆಯ ಆವೃತ್ತಿಯನ್ನು ತರಿಸಿದೆ. ಬೆಲೆ ಹಲವು ಪಟ್ಟು ಹೆಚ್ಚು. ಕನ್ನಡ ಅಡಿಬರಹವಿಲ್ಲದ್ದರಿಂದ ಅಮ್ಮನಿಗೆ ನಾನೇ ಮಾತು ಬಿಡಿಸಿ ಹೇಳಬೇಕಾಯಿತು. ಆದರೆ ಬಣ್ಣ ಸ್ವಚ್ಛವಾಗಿದೆ, ಮಾತು ಕೇಳಿಸುತ್ತದೆ, ಕೆಸರು ಹೊಂಡದ ಹೊಡೆದಾಟವಂತೂ ಇಡೀ ಹರವಿನಲ್ಲಿ ಕಂಡು, ಮಳೆಗಾಲದಲ್ಲಿ ಗದ್ದೆಯಂಚಿನ ಮೇಲೆ ಜಾರಿ ಬಿದ್ದು ಗೊತ್ತಿರುವ ನಮ್ಮಂಥವರನ್ನು ಹೊಟ್ಟೆ ಹಿಡಿದು ನಗಿಸುತ್ತದೆ. ಕೊನೆಯ ದೃಶ್ಯದಲ್ಲಿ ಊರಿಗೆ ಊರೇ ನಗುತ್ತಾ ಅವರ ಬೆನ್ನು ಹತ್ತಿದೆ. ಅಮ್ಮ ಮುಂದಕ್ಕೆ ಬಾಗಿ ನೋಡಿ, “ಇಷ್ಟು ಜನ ಇದ್ರಾ ಅಲ್ಲಿ!” ಎಂದರು. ಆಗಲೂ ನಗಲಿಲ್ಲ.

ಈ ಬಗೆಯ ಹಾಸ್ಯ ನಿಂತಿರುವುದೇ ಆ ಗುಂಪಿನ ಮೇಲೆ ಎಂದು ನನಗೆ ಅನ್ನಿಸಿದೆ. ನಗಬಹುದು ಎಂಬ ಅಪ್ಪಣೆಯನ್ನು ನಮಗೆ ಕೊಡುವವರು ಅವರು. 1953ರ ‘ಕಿಸ್ ಮಿ ಕೇಟ್’ ಚಿತ್ರದಲ್ಲಿ ನಾಯಕ ನಾಯಕಿಗೆ ಹೊಡೆಯುವುದು ನಾಟಕದ ವೇದಿಕೆಯ ಮೇಲೆ, ತುಂಬಿದ ಪ್ರೇಕ್ಷಕರ ಎದುರಿಗೆ. ಎರಡೂ ಕಥೆಗಳ ಮೂಲ ಷೇಕ್ಸ್‌ಪಿಯರನ ‘ದಿ ಟೇಮಿಂಗ್ ಆಫ್ ದಿ ಶ್ರೂ’. ಪರ್ವತವಾಣಿಯವರ ‘ಬಹಾದ್ದೂರ್ ಗಂಡ’ ನಾಟಕ, ಅದರಿಂದ ಬಂದ 1989ರ ‘ನಂಜುಂಡಿ ಕಲ್ಯಾಣ’ಗಳ ಮೂಲಕ ನಮಗೂ ಪರಿಚಿತವಾದ ಕಥೆ ಅದೇ. ಷೇಕ್ಸ್‌ಪಿಯರನ ನಾಟಕದಲ್ಲಿ ಗಂಡ ಹೆಂಡತಿಯನ್ನು ಹಸಿವಿನಲ್ಲಿ ಕೆಡವುತ್ತಾನೆ, ನಿದ್ದೆಗೆಡಿಸುತ್ತಾನೆ. ಆದರೆ ಅವಳ ಮೇಲೆ ಕೈ ಮಾಡುವುದಿಲ್ಲ. ಹೊಡೆಯುವವಳು ಅವಳೇ. ಸಲಿಕೆಯನ್ನು ಸೇರಿಸಿದ್ದು ಸಿನಿಮಾ. ‘ಮೆಕ್‌ಲಿಂಟಾಕ್’ನ ಆ ಏಟುಗಳು ನಿಜವಾದವು, ಮೈ ಕಂದಿಹೋಗಿತ್ತು ಎಂದು ಒಹಾರ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅದು ತಿಳಿದ ಮೇಲೆ ಆ ದೃಶ್ಯವನ್ನು ನಟನೆಯೆಂದು ನೋಡಲು ನನ್ನಿಂದ ಆಗಲಿಲ್ಲ.

ಚಿತ್ರ ನೋಡಬೇಕಾದದ್ದೇ, ಒಹಾರರ ಅಭಿನಯಕ್ಕಾಗಿ ಖಂಡಿತ ನೋಡಬೇಕು. ಆದರೆ ಕೊಳ್ಳುವ ಮುನ್ನ ಹೊದಿಕೆಯ ಹಿಂಬದಿಯನ್ನು ಓದಿ. ‘ವೈಡ್‌ಸ್ಕ್ರೀನ್’ ಎಂದೋ 2.35:1 ಎಂದೋ ಇದ್ದರೆ ತೆಗೆದುಕೊಳ್ಳಿ. ‘ಫುಲ್ ಸ್ಕ್ರೀನ್’ ಎಂದಿದ್ದರೆ ಅದು 4:3ಕ್ಕೆ ಕತ್ತರಿಸಿದ ಪ್ರತಿ, ಅಲ್ಲೇ ಇಟ್ಟು ಬನ್ನಿ.