ಪಿಟಿಆರ್ ಸೇವ್ ಆಯಿತು ಅಂತ ನಂಬಿ ಕೂರಬೇಡಿ

ಸ್ವಂತ ಮೇಲ್ ಸರ್ವರ್ ನಡೆಸಲು ಹೊರಟವರು ದಯವಿಟ್ಟು ಇದನ್ನು ಓದಿ. ಪಿಟಿಆರ್ ಅಂದರೆ ಒಂದು ಐಪಿ ವಿಳಾಸದ ಹೆಸರೇನು ಅಂತ ಹೇಳುವ ದಾಖಲೆ; ಅದು ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್‌ನ ಹೆಸರು-ವಿಳಾಸಗಳ ಪಟ್ಟಿಯಲ್ಲಿ, ಇರುತ್ತದೆ. ಅದನ್ನು ಹಾಕುವಾಗ ನಾನು ಮಾಡಿದ ಒಂದು ತಪ್ಪಿನಿಂದ ನಮ್ಮ ಸಂಸ್ಥೆ ಕಳಿಸಿದ ಎಷ್ಟೋ ಮೇಲ್‌ಗಳು ಹನ್ನೊಂದು ದಿನ ಯಾರಿಗೂ ತಲುಪಲಿಲ್ಲ. ಕೆಲಸದ ಸಂದರ್ಶನಕ್ಕೆ ಕರೆದ ಪತ್ರಗಳೂ ಅದರಲ್ಲಿದ್ದವು. ಅರ್ಜಿ ಹಾಕಿದ್ದವರೊಬ್ಬರು ತಾವಾಗಿಯೇ ಫೋನ್ ಮಾಡಿ, "ನನ್ನನ್ನು ಕರೆಯಲೇ ಇಲ್ಲವಲ್ಲ" ಅಂದಾಗಲೇ ನಮಗೆ ಗೊತ್ತಾದದ್ದು. ಅಷ್ಟರಲ್ಲಿ ಸಂದರ್ಶನ ಮುಗಿದಿತ್ತು.

ಹಲವರು ಹಂಚಿಕೊಳ್ಳುವ ಶೇರ್ಡ್ ಹೋಸ್ಟಿಂಗ್ ಬಿಟ್ಟು ವಿಪಿಎಸ್‌ಗೆ, ಅಂದರೆ ನಾವೇ ನೋಡಿಕೊಳ್ಳುವ ಬಾಡಿಗೆ ವರ್ಚುವಲ್ ಸರ್ವರ್‌ಗೆ, ಬಂದಿದ್ದೆವು. ಮೇಲ್‌ಗೆ ಬೇಕಾದ ಬೇರೆ ಡಿಎನ್‌ಎಸ್ ದಾಖಲೆಗಳಾದ ಎಂಎಕ್ಸ್, ಎಸ್‌ಪಿಎಫ್, ಡಿಕಿಮ್ ಎಲ್ಲ ಸರಿಯಾಗಿಯೇ ಹಾಕಿದ್ದೆ. ರಿವರ್ಸ್ ಡಿಎನ್‌ಎಸ್, ಅಂದರೆ ಈ ಪಿಟಿಆರ್, ಬೇಕು ಅನ್ನುವುದೂ ಗೊತ್ತಿತ್ತು. ಡೊಮೇನ್ ಕೊಂಡ ಕಡೆಯ ಡಿಎನ್‌ಎಸ್ ಪ್ಯಾನೆಲ್ ತೆರೆದೆ. ಅಲ್ಲಿನ ಪಟ್ಟಿಯಲ್ಲಿ ಪಿಟಿಆರ್ ಕಾಣಿಸಿತು. ಐಪಿ ತುಂಬಿ, ಹೆಸರು ತುಂಬಿ, ಸೇವ್ ಒತ್ತಿದೆ. ಹಸಿರು ಟಿಕ್ ಬಂತು. ಎಲ್ಲ ಕಡೆ ಹರಡಲು ಎರಡು ದಿನ ಬೇಕಾಗಬಹುದು ಅಂತ ಕಾದೆ. ಆಮೇಲೆ ಸರ್ವರ್ ಒಳಗಿಂದಲೇ ಹೆಸರು ಹುಡುಕುವ ಗೆಟೆಂಟ್ ಕಮಾಂಡ್‌ನಲ್ಲಿ ನೋಡಿದೆ, ಸರಿಯಾದ ಹೆಸರೇ ಬಂತು. ಅದು ಬಂದದ್ದು ಡಿಎನ್‌ಎಸ್‌ನಿಂದಲ್ಲ, ಸರ್ವರ್ ತನ್ನಲ್ಲೇ ಹೆಸರುಗಳನ್ನು ಬರೆದಿಟ್ಟುಕೊಳ್ಳುವ ಹೋಸ್ಟ್ಸ್ ಫೈಲ್‌ನಿಂದ! ಹೊರಗಿನಿಂದ ನೋಡಿದ್ದರೆ ಏನೂ ಇರುತ್ತಿರಲಿಲ್ಲ.

ಯಾಕೆ ಅಂದರೆ, ನಿಮ್ಮ ಐಪಿ 192.0.2.25 ಅಂತಿಟ್ಟುಕೊಳ್ಳಿ. ಅದರ ಹೆಸರೇನು ಅಂತ ತಿಳಿಯಬೇಕಾದ, ಮೇಲ್ ತೆಗೆದುಕೊಳ್ಳುವ ಎದುರಿನ ಸರ್ವರ್ ನಿಮ್ಮ ಡೊಮೇನ್ ಕಡೆ ತಿರುಗಿಯೂ ನೋಡುವುದಿಲ್ಲ. ನಾಲ್ಕೂ ಸಂಖ್ಯೆಗಳನ್ನು ಹಿಂದಿನಿಂದ ಮುಂದಕ್ಕೆ ಜೋಡಿಸಿ 25.2.0.192.ಇನ್-ಆ್ಯಡರ್.ಆರ್ಪಾ ಎಂದು ಕೇಳುತ್ತದೆ. ಅದಕ್ಕೆ ಉತ್ತರ ಹೇಳುವ ಅಧಿಕಾರ ಆ ಐಪಿ ಬ್ಲಾಕ್ ಯಾರ ಕೈಯಲ್ಲಿದೆಯೋ ಅವರ ನೇಮ್‌ಸರ್ವರ್‌ಗೆ ಮಾತ್ರ. ಡೊಮೇನ್ ನಮ್ಮದು, ಐಪಿ ಹೋಸ್ಟಿಂಗ್‌ನವರದು. ನನ್ನ ಪ್ಯಾನೆಲ್ ಮಾಡಿದ್ದೇನು? ನಾನು ಬರೆದ ಹೆಸರಿನ ಬಾಲಕ್ಕೆ ನಮ್ಮ ಡೊಮೇನ್ ಅಂಟಿಸಿ, ಲೋಕದಲ್ಲಿ ಯಾರೂ ಯಾವತ್ತೂ ಕೇಳದ ಒಂದು ವಿಳಾಸಕ್ಕೆ ದಾಖಲೆ ಬರೆದಿಟ್ಟುಕೊಂಡಿತ್ತು. ತಪ್ಪು ಅಂತ ಒಂದು ಮಾತೂ ಹೇಳಲಿಲ್ಲ. ಈ ಪ್ಯಾನೆಲ್‌ಗಳು ಸಾಮಾನ್ಯ ಡೊಮೇನ್ ಜೋನ್‌ನಲ್ಲಿ, ಅಂದರೆ ಒಂದು ಡೊಮೇನ್‌ನ ದಾಖಲೆಗಳ ಪಟ್ಟಿಯಲ್ಲಿ, ಪಿಟಿಆರ್ ಆಯ್ಕೆ ತೋರಿಸಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ವಾಪಸ್ ಬಂದ ಮೇಲ್‌ಗಳೆಲ್ಲ ಯಾರೂ ತೆರೆಯದ ನೋ-ರಿಪ್ಲೈ ಪೆಟ್ಟಿಗೆಯಲ್ಲಿ ಬಿದ್ದಿದ್ದವು. ತೆರೆದರೆ ಸಾಲುಸಾಲು 550, ಅಂದರೆ ಈ ಮೇಲ್ ತೆಗೆದುಕೊಳ್ಳುವುದಿಲ್ಲ ಅನ್ನುವ ಉತ್ತರ. ಜಿಮೇಲ್‌ನಲ್ಲಾದರೆ ಪಿಟಿಆರ್ ಇಲ್ಲದ್ದಕ್ಕೆ ಬರುವ ಕೋಡ್ 5.7.25, ನಿಮ್ಮ ಲಾಗ್‌ನಲ್ಲಿ ಆ ಸಂಖ್ಯೆ ಕಂಡರೆ ಬೇರೆಲ್ಲೂ ಹುಡುಕಬೇಡಿ.

ಹೋಸ್ಟಿಂಗ್‌ನವರಿಗೆ ಟಿಕೆಟ್ ಹಾಕಿದೆ. ಮೊದಲ ಉತ್ತರವೇ ಆಗುವುದಿಲ್ಲ ಅಂತ. ನಾನು ಕೊಟ್ಟಿದ್ದು ಬರೀ ಡೊಮೇನ್ ಹೆಸರು, ಅದರ ಎ ರೆಕಾರ್ಡ್ (ಹೆಸರಿನಿಂದ ಐಪಿ ಹೇಳುವ ದಾಖಲೆ) ನಮ್ಮ ವೆಬ್‌ಸೈಟ್ ಇರುವ ಇನ್ನೊಂದು ಐಪಿಗೆ ಹೋಗುತ್ತಿತ್ತು. ಐಪಿಯಿಂದ ಹೆಸರು ಸಿಗಬೇಕು, ಆ ಹೆಸರಿನಿಂದ ಮತ್ತೆ ಅದೇ ಐಪಿಗೇ ಬರಬೇಕು. ಎರಡೂ ಕೂಡದಿದ್ದರೆ ಮೇಲ್ ತೆಗೆದುಕೊಳ್ಳುವವರು ನಂಬುವುದಿಲ್ಲ. ಮೇಲ್ ಅಂತ ಒಂದು ಸಬ್‌ಡೊಮೇನ್ ಮಾಡಿ, ಅದರ ಎ ರೆಕಾರ್ಡ್ ಸರಿಪಡಿಸಿ, ನಮ್ಮ ಮೇಲ್ ತಂತ್ರಾಂಶ ಪೋಸ್ಟ್‌ಫಿಕ್ಸ್ ಹೆಲೋದಲ್ಲಿ (ಎದುರಿನ ಸರ್ವರ್‌ಗೆ ಮೊದಲು ಪರಿಚಯ ಹೇಳುವಾಗ) ಹೇಳಿಕೊಳ್ಳುವ ಹೆಸರನ್ನೂ ಅದೇ ಮಾಡಿದೆ. ಅವರು ಪಿಟಿಆರ್ ಹಾಕಿಕೊಟ್ಟರು.

ಆದರೂ ಮೇಲ್ ಒಮ್ಮೆ ಹೋಗುತ್ತಿತ್ತು, ಒಮ್ಮೆ ವಾಪಸ್ ಬರುತ್ತಿತ್ತು. ಇದು ನನ್ನನ್ನು ಇನ್ನೂ ಎರಡು ದಿನ ಕಾಡಿತು. ಲಾಗ್‌ನ ಸಾಲುಗಳನ್ನು ಒಂದೊಂದಾಗಿ ಓದಿದಾಗ ಗೊತ್ತಾಯಿತು, ವಾಪಸ್ ಬಂದವೆಲ್ಲ ಐಪಿವಿ6 (ಹೊಸ ಬಗೆಯ, ಉದ್ದನೆಯ ಐಪಿ ವಿಳಾಸ) ಮೂಲಕ ಹೋದವು. ಅದಕ್ಕೆ ಬೇರೆಯದೇ ಪಿಟಿಆರ್ ಬೇಕು: ವಿಳಾಸದ 32 ಅಂಕಿ-ಅಕ್ಷರಗಳನ್ನೂ ಬಿಡಿಬಿಡಿಯಾಗಿ ತಿರುಗಿಸಿ ಬರೆದು ಕೊನೆಗೆ ಐಪಿ6.ಆರ್ಪಾ. ಜತೆಗೆ ಮೇಲ್ ಹೆಸರಿಗೆ ಕ್ವಾಡ್-ಎ ದಾಖಲೆಯೂ (ಐಪಿವಿ6ಗೆ ಎ ರೆಕಾರ್ಡ್ ಇದ್ದಂತೆ) ಇರಬೇಕು. ಇಷ್ಟು ಮಾಡಲು ಆಗದಿದ್ದರೆ ಪೋಸ್ಟ್‌ಫಿಕ್ಸ್ ಹಳೆಯ ಬಗೆಯ ಐಪಿವಿ4ರಲ್ಲಿ ಮಾತ್ರ ಮೇಲ್ ಕಳಿಸುವಂತೆ ಮಾಡಿಬಿಡಿ, ಅರ್ಧಂಬರ್ಧ ಬಿಡಬೇಡಿ.

ವಿಪಿಎಸ್ ಕೊಳ್ಳುವ ಮೊದಲೇ ಹೋಸ್ಟಿಂಗ್‌ನವರನ್ನು ಕೇಳಿ: ಪಿಟಿಆರ್ ನಮ್ಮ ಹೆಸರಿಗೆ ಬದಲಿಸಲು ಬಿಡುತ್ತೀರಾ, ಐಪಿವಿ6ಗೂ ಬಿಡುತ್ತೀರಾ? ಇಲ್ಲ ಅಂದರೆ ಅಲ್ಲಿ ಮೇಲ್ ಸರ್ವರ್ ಬೇಡ. ದಾಖಲೆ ಹಾಕಿಸಿದ ಮೇಲೆ ಬೇರೆ ಯಾವುದಾದರೂ ಕಂಪ್ಯೂಟರ್‌ನಿಂದ ಡಿಎನ್‌ಎಸ್ ಕೇಳಿ ನೋಡುವ ಡಿಗ್ ಕಮಾಂಡ್‌ಗೆ ಮೈನಸ್ ಎಕ್ಸ್ ಕೊಟ್ಟು ಎರಡೂ ಐಪಿ ನೋಡಿ, ಬಂದ ಹೆಸರನ್ನು ಮತ್ತೆ ಡಿಗ್‌ಗೆ ಕೊಟ್ಟು ಅದೇ ಐಪಿ ಬರುತ್ತದಾ ನೋಡಿ. ಸರ್ವರ್ ಅಳಿಸಿ ಹೊಸದು ಮಾಡಿದಾಗ ಐಪಿ ಬದಲಾದರೆ ಇದೆಲ್ಲ ಮತ್ತೆ ಮೊದಲಿಂದ ಆಗಬೇಕು.

ಸಂದರ್ಶನದ ಪತ್ರ ತಲುಪದವರು ಒಟ್ಟು ಮೂವರು. ಒಬ್ಬೊಬ್ಬರಿಗೂ ಫೋನ್ ಮಾಡಿ ಕ್ಷಮೆ ಕೇಳಿದೆ. ಇಬ್ಬರು ಮತ್ತೆ ಬಂದರು. ಆವತ್ತು ತಾವಾಗಿ ಫೋನ್ ಮಾಡಿದ್ದವರು ಬೇರೆ ಕಡೆ ಸೇರಿಯಾಗಿತ್ತು.