ಧಾರವಾಡದ ಲಾಗ್‌ಲೈನ್ ಕೂಟ: 300 ರೂಪಾಯಿಗೆ ಸಿಗುವ ಓದು

ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಚಿತ್ರಕಥೆ ಬರೆಯುವವರಿಗೆ ಬರವಿಲ್ಲ. ಬರೆದದ್ದನ್ನು ಓದಿ, ಎಲ್ಲಿ ತೊಡಕಾಗಿದೆ ಎಂದು ಬೊಟ್ಟು ಮಾಡಿ ಹೇಳುವವರು ಮಾತ್ರ ಸಿಗುವುದಿಲ್ಲ. ಗೆಳೆಯರಿಗೆ ಕೊಟ್ಟರೆ 'ಭಾಳ ಚಲೋ ಐತಿ' ಎನ್ನುತ್ತಾರೆ, ನಿರ್ಮಾಪಕರಿಗೆ ಕಳಿಸಿದರೆ ಉತ್ತರವೇ ಬರುವುದಿಲ್ಲ. ಈ ನಡುವಿನ ಜಾಗದಲ್ಲಿ ಕೆಲಸ ಮಾಡುತ್ತಿರುವುದು ಧಾರವಾಡದಲ್ಲಿ ಭಾನುವಾರಗಳಂದು ಸೇರುವ ಲಾಗ್‌ಲೈನ್ ಓದುವ ಕೂಟ. ಲಾಗ್‌ಲೈನ್ ಅಂದರೆ ಇಡೀ ಚಿತ್ರದ ಕಥೆಯನ್ನು ಒಂದೆರಡು ವಾಕ್ಯದಲ್ಲಿ ಹೇಳುವ ಸಾಲು. ಒಂದು ಕಥೆಗೆ 300 ರೂಪಾಯಿ. ಗುರುವಾರದೊಳಗೆ ಲಾಗ್‌ಲೈನ್ ಮತ್ತು ಅರ್ಧ ಪುಟದ ಕಥಾವಸ್ತು ಮೇಲ್ ಮಾಡಬೇಕು. ಭಾನುವಾರ ಪ್ರತಿ ಕಥೆಗೆ ಇಪ್ಪತ್ತು ನಿಮಿಷ.

ಅವರ ಓದುವ ಕ್ರಮವೇ ಈ ಸೇವೆಯ ನಿಜವಾದ ಬೆಲೆ. ಲಾಗ್‌ಲೈನನ್ನು ಬರೆದವರು ಓದುವಂತಿಲ್ಲ, ಬೇರೊಬ್ಬರು ಗಟ್ಟಿಯಾಗಿ ಎರಡು ಸಲ ಓದುತ್ತಾರೆ. ಬರೆದವರು ಮೊದಲ ಹತ್ತು ನಿಮಿಷ ಬಾಯಿ ತೆರೆಯುವಂತಿಲ್ಲ. ಕೇಳಿದವರೆಲ್ಲ ಚೀಟಿಯಲ್ಲಿ ನಾಲ್ಕು ಉತ್ತರ ಬರೆಯುತ್ತಾರೆ: ಇದು ಯಾರ ಕಥಿ? ಅವರಿಗೆ ಏನು ಬೇಕು? ಯಾರು ಅಡ್ಡ ಬರ್ತಾರ? ಆಗಲಿಲ್ಲಂದ್ರ ಏನು ಹೋಗ್ತೈತಿ? ಆ ಚೀಟಿಗಳನ್ನು ಹಾಗೇ ನಮ್ಮ ಕೈಗೆ ಕೊಡುತ್ತಾರೆ. ಐದು ಚೀಟಿಯಲ್ಲಿ ಮೂರು ಬೇರೆ ಬೇರೆ ನಾಯಕರು ಬಂದರೆ ತಪ್ಪು ಕೇಳಿದವರದಲ್ಲ, ವಾಕ್ಯದ್ದು. 'ನಾನು ಹೇಳಹೊರಟದ್ದು ಅದಲ್ಲ' ಎಂದು ವಾದಿಸಲು ಅಲ್ಲಿ ಎಡೆಯೇ ಇಲ್ಲ. ಸಿನಿಮಾ ನೋಡುವವರ ಪಕ್ಕದಲ್ಲಿ ಕುಳಿತು ವಿವರಿಸಲು ಬರಹಗಾರರಿಗೆ ಅವಕಾಶ ಇರುವುದಿಲ್ಲವಲ್ಲ, ಹಾಗಾಗಿ ಈ ಕಟ್ಟುನಿಟ್ಟು ನ್ಯಾಯವಾದದ್ದೇ.

ಒಂದು ಮಾದರಿ ನೋಡಿ. 'ಬ್ಯಾಡಗಿ ಮೆಣಸಿನಕಾಯಿ ಬೆಳೆಯುವ ಕುಟುಂಬವೊಂದರ ನೋವು-ನಲಿವಿನ ಮನಮಿಡಿಯುವ ಕಥೆ.' ಇಂಥ ಸಾಲಿಗೆ ಅಲ್ಲಿ ಬರುವ ಮೊದಲ ಮಾತು 'ಇದು ವಿಷಯ ಆತು, ಕಥಿ ಎಲ್ಲೈತ್ರಿ?' ಯಾರೂ ಏನನ್ನೂ ಮಾಡುತ್ತಿಲ್ಲ, ಗಡುವಿಲ್ಲ, 'ಮನಮಿಡಿಯುವ' ಎಂಬುದು ನೋಡುಗರು ಹೇಳಬೇಕಾದ ಮಾತು. ಅದನ್ನೇ ತಿದ್ದಿದಾಗ: 'ಕುಂದಗೋಳದ ವಿಧವೆಯೊಬ್ಬಳು ಕೋಲ್ಡ್ ಸ್ಟೋರೇಜಿನಲ್ಲಿಟ್ಟ ವರ್ಷದ ಮೆಣಸಿನಕಾಯಿಯನ್ನು ಮೈದುನ ಗುಟ್ಟಾಗಿ ಒತ್ತೆಯಿಟ್ಟು ಸಾಲ ಎತ್ತಿದ್ದಾನೆ, ಹರಾಜಿಗೆ ಮುಂಚೆ ಆಕೆ ಚೀಲ ಬಿಡಿಸಿಕೊಳ್ಳದಿದ್ದರೆ ಹೊಲ ಮೈದುನನ ಪಾಲಾಗುತ್ತದೆ.' ಈಗ ಕಥೆ ಇದೆ, ಆದರೆ ಕೊಂಡಿ ಕಳಚಿದೆ. ಒತ್ತೆ ಬಿದ್ದದ್ದು ಚೀಲ, ಹೋಗುವುದು ಹೊಲ ಯಾಕೆ? ಕೊನೆಯ ತುಂಡನ್ನು 'ಬ್ಯಾಂಕಿನ ಕಂತು ತಪ್ಪಿ ಹೊಲ ಹೋಗುತ್ತದೆ' ಎಂದು ಬದಲಿಸಿದರೆ ಕಾರಣ ಕೂಡಿಕೊಳ್ಳುತ್ತದೆ. ಒಟ್ಟು 21 ಪದ.

ಕಥಾವಸ್ತುವಿನ ಚರ್ಚೆಯಲ್ಲಿ ಊರಿನ ತಿಳಿವಳಿಕೆ ಕೆಲಸಕ್ಕೆ ಬರುತ್ತದೆ. ಬ್ಯಾಡಗಿ ಕಾಯಿಗೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಹೊರಗೆ ಬಿಸಿಲ ಧಗೆಯಲ್ಲಿಟ್ಟರೆ ಬಣ್ಣ ಮಾಸುತ್ತದೆ, ಕೋಲ್ಡ್ ಸ್ಟೋರೇಜಿಗೆ ಹಾಕುವುದೇ ಅದಕ್ಕೆ. ಹಾಗಾದರೆ ಚೀಲ ಹೊರಗೆ ಬಂದ ದಿನದಿಂದ ಅದರ ಬೆಲೆಯೂ ಇಳಿಯತೊಡಗುತ್ತದೆ, ಆಕೆಗೆ ಹರಾಜಿನ ಜೊತೆ ಇನ್ನೊಂದು ಗಡುವು ಬಿದ್ದಂತಾಯಿತು. ಇಂಥ ಸಲಹೆ ಚಿತ್ರಕಥೆಯ ಪಠ್ಯಪುಸ್ತಕದಿಂದ ಬರುವುದಿಲ್ಲ.

ಇನ್ನೊಂದು ಸಾಮಾನ್ಯ ದೋಷವನ್ನೂ ಅವರು ಬೇಗ ಹಿಡಿಯುತ್ತಾರೆ. ವ್ಯವಸ್ಥೆಯನ್ನೇ ಎದುರಾಳಿ ಮಾಡುವುದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರ್ ಮತ್ತು ಯಂತ್ರದಲ್ಲಿ ಮಾಡಿದ ಧ್ವಜಗಳಿಗೂ ಅನುಮತಿ ಸಿಕ್ಕಿತು. ಧ್ವಜ ಹೊಲಿಯುವವಳನ್ನು ನಾಯಕಿ ಮಾಡಿ ಇದನ್ನೇ ಕಥೆಯಾಗಿಸಿದರೆ ವಸ್ತು ಗಟ್ಟಿಯೇ. ಆದರೆ ತಿದ್ದುಪಡಿಯ ಜೊತೆ ಯಾರೂ ಜಗಳಾಡಲಾರರು. ಪಾಲಿಯೆಸ್ಟರ್ ಧ್ವಜದ ದೊಡ್ಡ ಆರ್ಡರ್ ಹಿಡಿದು ಬರುವವನು ಅವಳ ಮಗನೇ ಆದರೆ ದೃಶ್ಯಗಳು ಹುಟ್ಟುತ್ತವೆ.

ಕನ್ನಡದ ವಾಕ್ಯದ ಬಗ್ಗೆ ಅವರು ಕೊಡುವ ಸೂಚನೆಯಂತೂ ಬರೆದಿಟ್ಟುಕೊಳ್ಳುವಂಥದ್ದು. 'ಸಾಲದಲ್ಲಿ ಮುಳುಗಿದ, ಹೆಂಡತಿಯನ್ನು ಕಳೆದುಕೊಂಡ, ಊರು ಬಿಟ್ಟು ಬಂದ ಹಮಾಲನೊಬ್ಬ' ಎಂದು ವಿಶೇಷಣ ಪೋಣಿಸಿದರೆ ಮನುಷ್ಯ ಕಣ್ಣಿಗೆ ಬೀಳುವಷ್ಟರಲ್ಲಿ ಓದುಗರಿಗೆ ದಣಿವು. ನಮ್ಮಲ್ಲಿ ಕ್ರಿಯಾಪದವೂ ಕೊನೆಗೇ ಬರುವುದರಿಂದ ಎರಡೂ ತಡವಾಗುತ್ತವೆ. ಒಂದೇ ವಿಶೇಷಣ ಉಳಿಸಿ, ವಾಕ್ಯವನ್ನು ನಡುವೆ ಮುರಿದು ಎರಡು ಮಾಡಿ ಎನ್ನುತ್ತಾರೆ. ಹೆಸರು ಬೇಡ, ಕಸುಬು ಸಾಕು. 'ಅವನು ಗೆಲ್ಲುವನೇ?' ಎಂಬ ಪ್ರಶ್ನೆ ಬೇಡ. ಇಂಟರ್ವಲ್‌ವರೆಗಿನ ಘರ್ಷಣೆ ಸಾಲಿನಲ್ಲಿ ಕಾಣಲೇಬೇಕು. ಮೊದಲ ಹದಿನೈದು ನಿಮಿಷದ ಘಟನೆಯನ್ನಷ್ಟೇ ಹೇಳಿದರೆ ಅದು ಕಥೆಯ ಪೀಠಿಕೆ.

ಕೊರತೆಗಳೂ ಇವೆ, ಚಿಕ್ಕವಲ್ಲ. ಎಲ್ಲ ಕಥೆಯನ್ನೂ ಒಬ್ಬ ನಾಯಕ, ಒಂದು ಗುರಿ ಎಂಬ ಅಚ್ಚಿಗೆ ಒತ್ತುವ ಅಭ್ಯಾಸವಿದೆ. ಗದಗ-ಬೆಟಗೇರಿಯ ನೇಕಾರರ ಓಣಿಯಂಥ ಜಾಗದಲ್ಲಿ ನಾಲ್ಕು ಮನೆಗಳನ್ನು ಹೆಣೆಯುವ ಕಥೆ ತಂದರೆ 'ಒಂದು ಮನಿ ಆರಿಸ್ರಿ' ಎನ್ನುತ್ತಾರೆ. ಅಲ್ಲಿ ಕೇಳಬೇಕಾದದ್ದು ನಾಲ್ಕೂ ಮನೆಗಳನ್ನು ಒಟ್ಟಿಗೆ ಅಲುಗಿಸುವ ಘಟನೆ ಯಾವುದು ಎಂದು. ಪದಮಿತಿ 30 ಎಂದು ಇಟ್ಟಿರುವುದೂ ಸರಿಯಿಲ್ಲ. ಇಂಗ್ಲಿಷಿನಲ್ಲಿ 25ರಿಂದ 35 ಪದ ಹಿಡಿಸುವ ಮಾತು, ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟುವ ಕನ್ನಡದಲ್ಲಿ ಇಪ್ಪತ್ತು ಚಿಲ್ಲರೆಯಲ್ಲಿ ಮುಗಿಯುತ್ತದೆ. ಮಿತಿ ಸಡಿಲವಾದಷ್ಟೂ ಹಿನ್ನೆಲೆ ಕಥೆ ನುಗ್ಗುತ್ತದೆ. ಕೊನೆಯ ಐದು ನಿಮಿಷದಲ್ಲಿ ಕೆಲವರು ತಾವೇ ಹೊಸ ಕ್ಲೈಮ್ಯಾಕ್ಸ್ ಕಟ್ಟಿಕೊಡಲು ಶುರು ಮಾಡುತ್ತಾರೆ; ನಡೆಸುವವರು ಅದನ್ನು ತಡೆಯಬೇಕು. ದೋಷದ ಕಾರಣ ಹೇಳಿದರೆ ಸಾಕು, ಮದ್ದು ಬರೆದವರ ಪಾಲಿಗೆ ಬಿಡಬೇಕು. ಹಾಸ್ಯವೋ ಥ್ರಿಲ್ಲರೋ ಎಂಬ ಧಾಟಿಯ ಪ್ರಶ್ನೆಯನ್ನು ಅವರು ಕೇಳುವುದೇ ಇಲ್ಲ.

ಮೊದಲ ಸಲ ಹೋಗುವವರು ಒಂದೇ ಕಥೆಗೆ ಎರಡು ಬೇರೆ ಲಾಗ್‌ಲೈನ್ ಒಯ್ಯಿರಿ. ಚೀಟಿಗಳನ್ನು ಹೋಲಿಸಿದಾಗ ಯಾವುದು ನಿಂತಿತು ಎಂದು ತಾನೇ ತಿಳಿಯುತ್ತದೆ. ಕಥೆ ಕದಿಯುತ್ತಾರೆ ಎಂಬ ಅಂಜಿಕೆ ಇದ್ದವರಿಗೆ ಒಂದು ಮಾತು: ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ, ಬರೆದಿಟ್ಟ ರೂಪಕ್ಕೆ ಇದೆ. 1978ರಲ್ಲಿ ನಾಟಕಕಾರ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಕೂಟಕ್ಕೆ ಹೋಗುವ ಮುಂಚೆ ನಾಲ್ಕೈದು ಪುಟದ ಕಥಾಸಾರ ಬರೆದು, ನಿಮ್ಮದೇ ಮೇಲ್‌ಗೆ ಕಳಿಸಿಕೊಂಡು ದಿನಾಂಕ ಉಳಿಸಿಕೊಳ್ಳಿ. ಆಗುವುದಾದರೆ ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿ.