ಎಂಟು ವಾರಗಳ ಮೈಂಡ್‌ಫುಲ್‌ನೆಸ್ ತರಗತಿ: ನನ್ನ ಅನುಭವ

ಖಿನ್ನತೆ ಮರುಕಳಿಸದಂತೆ ತಡೆಯಲು ಮನೋವಿಜ್ಞಾನಿಗಳಾದ ಸೀಗಲ್, ವಿಲಿಯಮ್ಸ್ ಮತ್ತು ಟೀಸ್‌ಡೇಲ್ ರೂಪಿಸಿದ ಎಂಟು ವಾರಗಳ ಚಿಕಿತ್ಸಾಕ್ರಮವನ್ನು ಆನ್‌ಲೈನ್ ತರಗತಿಯಲ್ಲಿ ಕಲಿತೆ. ಮನಸ್ಸಿಗೆ ಶಾಂತಿ ಸಿಗಲಿ ಎಂದಷ್ಟೇ ಸೇರುವವರಿಗೆ ಇದು ನಿರಾಸೆ ತಂದೀತು. ಇಲ್ಲಿ ಕಲಿಸುವುದು ಬೇರೆಯದೇ: ಬರುವ ಆಲೋಚನೆಯನ್ನು ತಡೆಯದೆ, ಅದರ ಹಿಂದೆ ಓಡದೆ, ಬಂದಿದೆ ಎಂದು ಗಮನಿಸುವುದು.

ಮೂರನೆಯ ವಾರ ಶಿಕ್ಷಕಿ ನನ್ನ ವಾಕ್ಯವೊಂದನ್ನು ತಿದ್ದಿದರು. ‘ನಾನು ಕೆಲಸಕ್ಕೆ ಬಾರದವಳು’ ಎಂದಿದ್ದೆ. ‘ನಾನು ಕೆಲಸಕ್ಕೆ ಬಾರದವಳು ಎಂಬ ಆಲೋಚನೆ ಈಗ ಬಂದಿದೆ ಎಂದು ಹೇಳಿ ನೋಡಿ’ ಎಂದರು. ಹೇಳಿದೆ. ಎದೆಯ ಬಿಗಿ ಹಾಗೆಯೇ ಇತ್ತು, ಆದರೆ ಆ ಬಿಗಿಯನ್ನು ಗಮನಿಸುತ್ತಿದ್ದ ನಾನು ಬಿಗಿಯಾಗಿರಲಿಲ್ಲ! ಮನೋವೈದ್ಯ ಆರ್ಥರ್ ಡೀಕ್‌ಮನ್ 1982ರಲ್ಲೇ ಈ ಗಮನಿಸುವ ‘ನಾನು’ವನ್ನು ಚಿಕಿತ್ಸೆಯ ಕೇಂದ್ರಕ್ಕೆ ತಂದಿದ್ದರು. ವರ್ಷಗಟ್ಟಲೆ ಕಾರಣ ಹುಡುಕಿದಾಗ ಸಿಗದ ಬಿಡುವು ನನಗೆ ಸಿಕ್ಕಿದ್ದು ಇಲ್ಲಿ.

ಧ್ವನಿಮುದ್ರಿಕೆಗಳು ಚೆನ್ನಾಗಿವೆ, ಹಿನ್ನೆಲೆ ಸಂಗೀತ ಬೇಡವಾಗಿತ್ತು.

ಒಂದು ಆಕ್ಷೇಪ ಮಾತ್ರ ಗಂಭೀರವಾದದ್ದು. ಹಳೆಯ ಆಘಾತಗಳಿರುವವರಿಗೆ ಕಣ್ಣು ಮುಚ್ಚಿ ದೇಹವನ್ನು ಗಮನಿಸುವುದೇ ಭಯ ಹುಟ್ಟಿಸಬಹುದು. ಸೇರಿಸಿಕೊಳ್ಳುವ ಮೊದಲು ಅದನ್ನು ಕೇಳಲೇಬೇಕಿತ್ತು, ಕೇಳಲಿಲ್ಲ. ಇನ್ನು ಕೆಲವರು ಈ ಸಾಕ್ಷಿಭಾವವನ್ನು ದುಃಖದಿಂದ ತಪ್ಪಿಸಿಕೊಳ್ಳುವ ದಾರಿ ಮಾಡಿಕೊಳ್ಳುತ್ತಾರೆ. ಅಳು ಬಂದರೆ ಅಳುತ್ತಲೇ ಗಮನಿಸಿ ಎಂದು ನಮ್ಮ ಶಿಕ್ಷಕಿ ಮತ್ತೆ ಮತ್ತೆ ಹೇಳುತ್ತಿದ್ದರು. ಆ ಶಿಕ್ಷಕಿಗಾಗಿಯೇ ಈ ತರಗತಿಯನ್ನು ಶಿಫಾರಸು ಮಾಡುತ್ತೇನೆ. ತೀವ್ರ ಖಿನ್ನತೆಯ ನಡುವೆ ಇರುವವರು ಮೊದಲು ವೈದ್ಯರನ್ನು ಕಾಣಲಿ.